ಗಾಳದ ತಾಳ, ಮನೆತನದ ಮಾತು: ನಾರ್ಮನ್ ಮಕ್ಲೇನನ ನೀಳ್ಗತೆಯ ಪರಿಶೀಲನೆ

ಒಂದು ಮನೆತನದಲ್ಲಿ ಹಿರಿಯರಿಂದ ಕಿರಿಯರಿಗೆ ಇಳಿದು ಬರತಕ್ಕವು ಹಲವು. ಹೊಲ ಮನೆಗಳನ್ನು ಕಾನೂನು ಹಂಚಿಕೊಡುತ್ತದೆ. ಕುಲದ ಕಸುಬನ್ನು ಹೊಟ್ಟೆಪಾಡು ಉಳಿಸುತ್ತದೆ. ಮತಾಚಾರಗಳನ್ನು ಸಮಾಜವು ಕಾಯುತ್ತದೆ. ಇವು ಯಾವುವೂ ಅಲ್ಲದ, ಕೈಬಿಟ್ಟರೆ ಯಾರೂ ಕೇಳದ, ಕೈಹಿಡಿದರೆ ಲಾಭವೇನೂ ತಾರದ ಬರಿಯ ಒಂದು ಒಲವು ತಲೆಮಾರಿನಿಂದ ತಲೆಮಾರಿಗೆ ಹೇಗೆ ಹರಿದುಬರುತ್ತದೆ? ಹಾಗೆ ಬಂದಾಗ ಅದರೊಡನೆ ಇನ್ನೇನು ಬರುತ್ತದೆ, ಏನು ಬಾರದೆ ಹಿಂದೆಯೇ ಉಳಿಯುತ್ತದೆ? ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನು ವಸ್ತುವಾಗಿ ಉಳ್ಳ ಅಮೆರಿಕದ ಒಂದು ನೀಳ್ಗತೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಭಾರತೀಯ ಸಾಹಿತ್ಯದಲ್ಲಿ ಮೀನುಗಾರಿಕೆಯನ್ನು ಕುರಿತ ಹಿರಿಯ ಕೃತಿಗಳು ಬಹುಮಟ್ಟಿಗೆ ಕಸುಬಿನ ಕಥೆಗಳು. ಮಾಣಿಕ್ ಬಂದ್ಯೋಪಾಧ್ಯಾಯರ 'ಪದ್ಮಾ ನದೀರ್ ಮಾಝಿ' (೧೯೩೬), ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' (೧೯೫೬), ಅದ್ವೈತ ಮಲ್ಲಬರ್ಮನ್ನರ ಮರಣಾನಂತರ ೧೯೫೬ರಲ್ಲಿ ಪುಸ್ತಕವಾಗಿ ಬಂದ 'ತಿತಾಸ್ ಏಕಟಿ ನದೀರ್ ನಾಮ್' ಇವುಗಳಲ್ಲಿ ಮಗನು ಬಲೆ ಹಿಡಿಯುವುದು ಬೇರೆ ದಾರಿಯಿಲ್ಲದುದರಿಂದ. ಅಲ್ಲಿ ಪರಂಪರೆಯೆಂಬುದು ಬದುಕಿನ ಅನಿವಾರ್ಯತೆ. ನಾವು ಇಲ್ಲಿ ಎತ್ತಿಕೊಂಡಿರುವ ಕಥೆಯಲ್ಲಾದರೋ ಹಿಡಿದ ಮೀನು ಮನೆಯ ಒಲೆಯನ್ನು ಹೊತ್ತಿಸಬೇಕಾದುದಿಲ್ಲ. ತಂದೆ ಪಾದ್ರಿ, ಹಿರಿಯ ಮಗ ಅಧ್ಯಾಪಕ, ಕಿರಿಯವನು ಪತ್ರಿಕಾ ವರದಿಗಾರ. ಅವಶ್ಯಕತೆ ಇಲ್ಲದೆಡೆಯಲ್ಲಿ ಉಳಿದುಬಂದ ಒಲವಾದುದರಿಂದಲೇ ಅದರ ಸ್ವರೂಪವನ್ನು ಶುದ್ಧವಾಗಿ ಕಾಣಲು ಇಲ್ಲಿ ಅವಕಾಶವಿದೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಗಾಳದ ಒಲವಿಗೆ ಹಳೆಯದಾದ ಒಂದು ಗ್ರಂಥಪರಂಪರೆ ಇದೆ. ಐಜಾಕ್ ವಾಲ್ಟನ್ನನ 'ದಿ ಕಂಪ್ಲೀಟ್ ಆಂಗ್ಲರ್' ೧೬೫೩ರಲ್ಲಿ ಪ್ರಕಟವಾಯಿತು. ಅದು ಗುರುಶಿಷ್ಯ ಸಂವಾದದ ರೂಪದಲ್ಲಿರುವ ಗ್ರಂಥ. ಬಲ್ಲವನು ಹೇಳುತ್ತಾನೆ, ದಾರಿಯಲ್ಲಿ ಜೊತೆಯಾದವನು ಕೇಳಿ ಕಲಿಯುತ್ತಾನೆ. ೧೬೭೬ರ ಐದನೆಯ ಆವೃತ್ತಿಗೆ ಕೃತಕ ನೊಣದ ಗಾಳವನ್ನು ಕುರಿತ ಎರಡನೆಯ ಭಾಗವನ್ನು ಬರೆದು ಸೇರಿಸಿದವನು ಚಾರಲ್ಸ್ ಕಾಟನ್. ಅವನು ವಾಲ್ಟನ್ನನ ಮಗನಲ್ಲ. ಆದರೂ ಅವನನ್ನು ತಂದೆಯೆಂದೇ ಕರೆದನು. ಡವ್ ನದಿಯ ದಡದಲ್ಲಿ ಕಾಟನ್ ೧೬೭೪ರಲ್ಲಿ ಕಟ್ಟಿಸಿದ ಪುಟ್ಟ ಮೀನುಮನೆಯ ಮೇಲೆ ಇಬ್ಬರ ಹೆಸರುಗಳ ಮೊದಲಕ್ಷರಗಳನ್ನೂ ಒಂದರೊಳಗೊಂದು ಹೆಣೆದು ಕೆತ್ತಿಸಿದನು. ಎಂದರೆ, ಗಾಳದ ಒಲವು ರಕ್ತಸಂಬಂಧವಿಲ್ಲದೆಡೆಯಲ್ಲಿಯೂ ತಂದೆ ಮಕ್ಕಳ ಸಂಬಂಧವನ್ನು ಕಲ್ಪಿಸಬಲ್ಲುದು. ಇನ್ನು ರಕ್ತಸಂಬಂಧ ಇದ್ದೆಡೆಯಲ್ಲಿ ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದು ಮಕ್ಲೇನನ ಪ್ರಶ್ನೆ.

ನಾರ್ಮನ್ ಮಕ್ಲೇನ್ (೧೯೦೨-೧೯೯೦) ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದವನು. ಅವನ ತಂದೆ ಮಾಂಟಾನಾ ಪ್ರಾಂತದ ಮಿಸೂಲ ಪಟ್ಟಣದಲ್ಲಿ ಪ್ರೆಸ್‌ಬಿಟೇರಿಯನ್ ಪಂಥದ ಪಾದ್ರಿಯಾಗಿದ್ದನು. ಅಧ್ಯಾಪನದಿಂದ ನಿವೃತ್ತನಾದ ಮೇಲೆ ಮಕ್ಲೇನನು ಬರೆದ 'ಎ ರಿವರ್ ರನ್ಸ್ ಥ್ರೂ ಇಟ್' ಎಂಬ ನೀಳ್ಗತೆ ಮತ್ತೆರಡು ಕಥೆಗಳೊಡನೆ ೧೯೭೬ರಲ್ಲಿ ಅವನ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದಲೇ ಹೊರಬಂದಿತು. ಆ ಸಂಸ್ಥೆ ಪ್ರಕಟಿಸಿದ ಮೊದಲ ಸ್ವತಂತ್ರ ಕಥಾಗ್ರಂಥ ಅದು. ೧೯೭೭ರಲ್ಲಿ ಪುಲಿಟ್ಜರ್ ಬಹುಮಾನಕ್ಕೆ ತೀರ್ಪುಗಾರರು ಅದನ್ನು ಸೂಚಿಸಿದರೂ ಮಂಡಲಿಯು ಆ ವರ್ಷ ಕಥಾಸಾಹಿತ್ಯಕ್ಕೆ ಬಹುಮಾನವನ್ನೇ ಕೊಡಲಿಲ್ಲ. ೧೯೯೨ರಲ್ಲಿ ರಾಬರ್ಟ್ ರೆಡ್‌ಫರ್ಡ್ ನಿರ್ದೇಶಿಸಿದ ಚಲನಚಿತ್ರದಿಂದ ಕಥೆ ದೇಶಾಂತರಗಳಲ್ಲಿ ಪರಿಚಿತವಾಯಿತು. ಚಿತ್ರವನ್ನು ಮಾತ್ರ ನೋಡಿದವರು ಕೃತಿಯನ್ನು ಸುಂದರವಾದ ಹೊಳೆಯ ನೆನಪೆಂದು ತಿಳಿಯುವುದುಂಟು. ಮೂಲವನ್ನು ಓದಿದವರಿಗೆ ಅದು ಅಷ್ಟು ಸುಲಭವಾದ ಕೃತಿಯಲ್ಲವೆಂಬುದು ಬೇಗನೆ ಅರಿವಾಗುತ್ತದೆ.

ಕಥೆಯ ಆರಂಭದಲ್ಲಿಯೇ ಪಾಠವಿದೆ. ಪಾದ್ರಿಯಾದ ತಂದೆ ತನ್ನ ಇಬ್ಬರು ಗಂಡುಮಕ್ಕಳಿಗೆ ಭಾನುವಾರದಂದು ಮತಪ್ರಶ್ನೋತ್ತರಗಳನ್ನು ಕಲಿಸಿದಷ್ಟೇ ನಿಷ್ಠೆಯಿಂದ ಗಾಳದ ಕೋಲನ್ನು ಬೀಸುವುದನ್ನೂ ಕಲಿಸುತ್ತಾನೆ. ಎರೆಹುಳುವನ್ನು ಚುಚ್ಚಿ ಕಾದು ಕುಳಿತುಕೊಳ್ಳುವ ಗಾಳ ಇದಲ್ಲ. ಗರಿ, ರೋಮ, ನೂಲುಗಳಿಂದ ಕಟ್ಟಿದ ಹಗುರವಾದ ಕೃತಕ ನೊಣವನ್ನು, ಭಾರವಾದ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ತೂಗಿ, ಟ್ರೌಟ್ ಮೀನು ಇರುವೆಡೆಯಲ್ಲಿ ನಿಜವಾದ ನೊಣ ಕೂತಂತೆ ಕೂರಿಸಬೇಕು. ಇದರಲ್ಲಿ ಬಲಕ್ಕಿಂತ ಕಾಲಜ್ಞಾನ ಹೆಚ್ಚಿನದು. ಗಡಿಯಾರದ ಮುಳ್ಳಿನ ಹತ್ತು ಗಂಟೆಯ ಮತ್ತು ಎರಡು ಗಂಟೆಯ ಸ್ಥಾನಗಳ ನಡುವೆ ಮಾತ್ರ ಕೋಲು ಆಡಬೇಕು. ನಾಲ್ಕೆಣಿಕೆಯ ತಾಳ ತಪ್ಪಬಾರದು. ಈ ತಾಳವನ್ನು ಮಕ್ಕಳ ಮೈಗೂಡಿಸಲು ತಂದೆ ಸಂಗೀತಾಭ್ಯಾಸದ ತಾಳಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕಲಿಸುತ್ತಾನೆ. ಮನುಷ್ಯನು ಸ್ವಭಾವತಃ ಕೃಪೆಯಿಂದ ಜಾರಿದವನು, ಶಿಸ್ತಿನ ಅಭ್ಯಾಸದಿಂದಲೇ ಅದನ್ನು ಮರಳಿ ಪಡೆಯಬೇಕು ಎಂಬುದು ಆ ಪಾದ್ರಿಯ ಮತಶ್ರದ್ಧೆ. ಗಾಳದ ಪಾಠವೂ ಅವನಿಗೆ ಅದೇ ಶ್ರದ್ಧೆಯ ಮತ್ತೊಂದು ಮುಖ. ವಾಲ್ಟನ್ನನು ಬೇರೆ ಪಂಥದವನೆಂದೂ ಹುಳುವಿನ ಗಾಳದವನೆಂದೂ ಅವನು ಗಂಭೀರವಾಗಿಯೇ ತಳ್ಳಿಹಾಕುವಾಗ ನಮಗೆ ನಗು ಬರುತ್ತದೆ. ಆದರೆ ಆ ನಗುವಿನ ಹಿಂದೆ, ಈ ಮನೆಯಲ್ಲಿ ಮೀನು ಹಿಡಿಯುವ ರೀತಿಯೆಂಬುದು ಬಾಳುವ ರೀತಿಯೇ ಆಗಿದೆಯೆಂಬ ಅರ್ಥವೂ ಹೊಳೆಯುತ್ತದೆ.

ಈ ಕಥೆಯ ಮೇಲೆ ತರಬಹುದಾದ ಮೊದಲ ಆಕ್ಷೇಪಣೆ ಇಲ್ಲಿಯೇ ಹುಟ್ಟುತ್ತದೆ. ದಾರ ಬೀಸುವ ಬಗೆ, ನೊಣಗಳ ಜಾತಿ, ಮಡುವಿನ ಆಳ, ಸುಳಿಯ ತಿರುವು ಇವುಗಳ ವಿವರ ಕಥೆಯಲ್ಲಿ ಪುಟಪುಟಗಳಷ್ಟಿದೆ. ಗಾಳವನ್ನು ಮುಟ್ಟದ ವಾಚಕನಿಗೆ ಇದು ಅಂಗಾತಿವಿಸ್ತರ ದೋಷವೆಂದು ತೋರಬಹುದು. ಅಂಗಿಯಾದ ಸೋದರರ ಕಥೆ ಅಂಗವಾದ ವರ್ಣನೆಯಲ್ಲಿ ಮುಳುಗಿತೆಂದು ಅವನು ಹೇಳಬಹುದು. ಈ ಆಕ್ಷೇಪಣೆಯನ್ನು ನಾವು ಒಪ್ಪುವುದಿಲ್ಲ. ಈ ಮನೆಯ ಗಂಡಸರಿಗೆ ಪ್ರೀತಿಯನ್ನು ಪ್ರೀತಿಯೆಂಬ ಮಾತಿನಲ್ಲಿ ಆಡಲು ಬಾರದು. ಅಣ್ಣನು ತಮ್ಮನಿಗೆ ತನ್ನ ಕಳವಳವನ್ನು ನೇರವಾಗಿ ಹೇಳಲಾರ. ತಮ್ಮನು ಅಣ್ಣನ ಸಹಾಯವನ್ನು ನೇರವಾಗಿ ಬೇಡಲಾರ. ಯಾವ ನೊಣ ಇಂದು ನಡೆಯುತ್ತದೆ, ಯಾವ ಮಡುವನ್ನು ಯಾರು ಹಿಡಿಯಬೇಕು ಎಂಬ ಮಾತುಗಳೇ ಅವರ ನಡುವಿನ ಸ್ನೇಹದ ಭಾಷೆ. ಒಳ್ಳೆಯ ಮಡುವನ್ನು ಅಣ್ಣನಿಗೆ ಬಿಟ್ಟುಕೊಡುವುದೆಂದರೆ ಅವನನ್ನು ಅಪ್ಪಿಕೊಂಡಂತೆ. ಆದುದರಿಂದ ತಾಂತ್ರಿಕ ವಿವರಗಳು ಕಥೆಗೆ ಹೊರಗಣವಲ್ಲ. ಅವುಗಳನ್ನು ತೆಗೆದರೆ ಪಾತ್ರಗಳ ಬಾಯನ್ನೇ ಕಟ್ಟಿದಂತಾಗುತ್ತದೆ. ವಾಚ್ಯಾರ್ಥದಲ್ಲಿ ಮೀನಿನ ಮಾತು, ವ್ಯಂಗ್ಯಾರ್ಥದಲ್ಲಿ ಅಂತಃಕರಣದ ಮಾತು. ಧ್ವನಿತತ್ತ್ವವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಮಾರ್ಗವೇನೂ ಅಲ್ಲ.

ಹೀಗೆ ತಂದೆಯಿಂದ ಮಕ್ಕಳಿಗೆ ಬಂದುದು ಒಂದು ವಿದ್ಯೆಯಷ್ಟೇ ಅಲ್ಲ, ಒಂದು ಭಾಷೆ ಎಂದಾಯಿತು. ಕಥೆಯ ದುರಂತವೆಲ್ಲ ಆ ಭಾಷೆಯ ಮೇರೆಯಲ್ಲಿದೆ. ಕಿರಿಯ ಮಗ ಪಾಲ್ ಗಾಳದ ವಿದ್ಯೆಯಲ್ಲಿ ತಂದೆಯನ್ನೂ ಅಣ್ಣನನ್ನೂ ಮೀರಿಸಿದವನು. ನೊಣವನ್ನು ನೀರಿಗೆ ಮುಟ್ಟಿಸದೆ ಅದರ ನೆರಳನ್ನು ಆಡಿಸಿ ಮೀನನ್ನು ಕೆಣಕುವ ಬೀಸನ್ನು ಅವನು ಪಿತ್ರಾರ್ಜಿತ ವಿದ್ಯೆಗೆ ಸ್ವಾರ್ಜಿತವಾಗಿ ಸೇರಿಸಿದ್ದಾನೆ. ಹೊಳೆಯಲ್ಲಿ ನಿಂತಾಗ ಅವನಲ್ಲಿ ಕೊರತೆಯೇ ಇಲ್ಲ. ದಡಕ್ಕೆ ಬಂದ ಕೂಡಲೆ ಕುಡಿತ, ಜೂಜು, ಸಾಲ, ಜಗಳ. ೧೯೩೭ರ ಬೇಸಗೆಯಲ್ಲಿ ನಡೆಯುವ ಕಥೆಯುದ್ದಕ್ಕೂ ಅಣ್ಣನು ತಮ್ಮನಿಗೆ ಹೇಗೆ ನೆರವಾಗಲಿ ಎಂದು ತೊಳಲುತ್ತಾನೆ. ಕಡೆಗೆ ಅವನಿಗೆ ತೋಚುವುದು ತಮ್ಮನನ್ನು ಮತ್ತೊಮ್ಮೆ ಮೀನು ಹಿಡಿಯಲು ಕರೆದೊಯ್ಯುವುದು. ಇದರೊಡನೆಯೇ ಅಣ್ಣನ ಹೆಂಡತಿಯ ಸೋದರನಾದ ನೀಲ್ ಎಂಬವನ ಪ್ರಸಂಗ ಸಾಗುತ್ತದೆ. ಅವನು ಡಬ್ಬಿಯ ತುಂಬ ಎರೆಹುಳು ತಂದು, ಗಾಳವನ್ನೂ ಮರೆತು ಕುಡಿದು ಬಿದ್ದಿರುವ ಅಪಹಾಸ್ಯದ ಪಾತ್ರ. ಅವನನ್ನು ತಿದ್ದಲು ಅವನ ಮನೆಯ ಹೆಂಗಸರು ಪಡುವ ಪಾಡೂ ವ್ಯರ್ಥ. ಹಾಸ್ಯದ ಈ ಉಪಕಥೆಯು ಗಂಭೀರವಾದ ಮುಖ್ಯಕಥೆಗೆ ಕನ್ನಡಿ ಹಿಡಿಯುತ್ತದೆ. ವಿದ್ಯೆ ಬಾರದ ನೀಲನಿಗೂ ನೆರವಾಗಲಾಗಲಿಲ್ಲ, ವಿದ್ಯೆಯೇ ಮೈವೆತ್ತಂತಿದ್ದ ಪಾಲನಿಗೂ ನೆರವಾಗಲಾಗಲಿಲ್ಲ. ಬೀಸಿನಲ್ಲಿ ಬಂದ ಕೃಪೆ ಬಾಳಿಗೆ ಇಳಿಯಲಿಲ್ಲ.

ಪಾಲನ ಕೊಲೆಯ ಸುದ್ದಿ ಬಂದಾಗ ಕಥೆ ತನ್ನ ಶಿಖರವನ್ನು ಮುಟ್ಟುತ್ತದೆ. ಅವನನ್ನು ಹೊಡೆದು ಕೊಂದಿದ್ದಾರೆ; ಕೈಯ ಮೂಳೆಗಳು ಬಹುಮಟ್ಟಿಗೆ ಮುರಿದಿವೆ. ಇದನ್ನು ಕೇಳಿದ ತಂದೆಯು, ಯಾವ ಕೈ ಎಂದು ವಿಚಾರಿಸುತ್ತಾನೆ. ಬಲಗೈ ಎಂದು ಮಗನ ಉತ್ತರ. ಅಲ್ಲಿ ವಿಲಾಪವಿಲ್ಲ, ಉಪಮೆಯಿಲ್ಲ. ಗಾಳದ ಕೋಲನ್ನು ಹಿಡಿಯುತ್ತಿದ್ದ ಕೈ ಅದೆಂದು ಕಥೆಗಾರನು ವಿವರಿಸುವುದೂ ಬೇಕಿಲ್ಲ. ಮೊದಲ ಪುಟಗಳ ಪಾಠವನ್ನು ಓದಿದ ಸಹೃದಯನಿಗೆ ಅದು ತಾನಾಗಿಯೇ ತಿಳಿಯುತ್ತದೆ. ತಂದೆ ತಾನು ಕಲಿಸಿದ ಕೈಯನ್ನು ಕೇಳುತ್ತಿದ್ದಾನೆ. ಮಗನು ಹೋರಾಡಿಯೇ ಸತ್ತನೆಂಬ ಅಲ್ಪ ಸಮಾಧಾನವೂ, ಆ ಕೈಗೆ ತಾನು ಕೊಟ್ಟ ವಿದ್ಯೆ ಅದನ್ನು ಕಾಯಲಿಲ್ಲವೆಂಬ ಅನಂತ ದುಃಖವೂ ಆ ಒಂದೇ ಪ್ರಶ್ನೆಯಲ್ಲಿ ಅಡಗಿವೆ. ಮಕ್ಲೇನನು ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಆಧಾರವಾಗಿಟ್ಟುಕೊಂಡ ಷಿಕಾಗೊ ಪಂಥದ ವಿಮರ್ಶಕನಾಗಿದ್ದನೆಂಬುದನ್ನೂ, ಆ ಪಂಥದವರು ೧೯೫೨ರಲ್ಲಿ ಹೊರತಂದ 'ಕ್ರಿಟಿಕ್ಸ್ ಅಂಡ್ ಕ್ರಿಟಿಸಿಸಂ' ಎಂಬ ಸಂಪುಟದಲ್ಲಿ ಲಿಯರ್ ರಾಜನ ಹುಚ್ಚನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಬರೆದಿದ್ದನೆಂಬುದನ್ನೂ ಇಲ್ಲಿ ನೆನೆಯುವುದು ಉಚಿತ. ದುರಂತದಲ್ಲಿ ಒಂದು ಸಣ್ಣ ಮಾತು ಎಷ್ಟು ಭಾರವನ್ನು ಹೊರಬಲ್ಲುದೆಂಬುದನ್ನು ತರಗತಿಯಲ್ಲಿ ಹಲವು ವರ್ಷ ಪಾಠ ಹೇಳಿದವನ ಕೈವಾಡ ಇದು.

ಇದೇ ವಸ್ತುವನ್ನು ಹೆಮಿಂಗ್‌ವೇ ನಿರ್ವಹಿಸಿದ ರೀತಿಯೊಡನೆ ಹೋಲಿಸಿದರೆ ಮಕ್ಲೇನನ ವೈಶಿಷ್ಟ್ಯ ಇನ್ನೂ ಸ್ಪಷ್ಟವಾಗುತ್ತದೆ. ೧೯೩೩ರಲ್ಲಿ ಬಂದ 'ಫಾದರ್ಸ್ ಅಂಡ್ ಸನ್ಸ್' ಎಂಬ ಕಥೆಯಲ್ಲಿ ನಿಕ್ ಆಡಮ್ಸ್ ಪಕ್ಕದಲ್ಲಿ ಮಗನನ್ನು ಕೂರಿಸಿಕೊಂಡು ಕಾರಿನಲ್ಲಿ ಹೋಗುತ್ತ ತೀರಿಹೋದ ತಂದೆಯನ್ನು ನೆನೆಯುತ್ತಾನೆ. ಬೇಟೆ ಮತ್ತು ಗಾಳ ಇವೆರಡನ್ನು ಕಲಿಸಿದುದಕ್ಕಾಗಿ ತಂದೆಗೆ ಅವನು ಋಣಿ. ಇತರ ವಿಷಯಗಳಲ್ಲಿ ತಂದೆಯ ಮಾತು ನೆಚ್ಚತಕ್ಕದ್ದಾಗಿರಲಿಲ್ಲವೆಂಬುದೂ ಅವನ ಅನುಭವ. ಹೆಮಿಂಗ್‌ವೇಯ ತಂದೆ ೧೯೨೮ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದನೆಂಬ ಸಂಗತಿ ಕಥೆಯ ಹಿಂದೆ ನೆರಳಾಗಿ ನಿಂತಿದೆ. ಅಲ್ಲಿ ಮಗನು ತಂದೆಯ ಆಸ್ತಿಯನ್ನು ಎಣಿಸಿ, ಉಪಯುಕ್ತವಾದುದನ್ನು ಇಟ್ಟುಕೊಂಡು ಉಳಿದುದನ್ನು ದೂರವಿಡುತ್ತಾನೆ. ಮಕ್ಲೇನನಲ್ಲಿ ಇಂಥ ಲೆಕ್ಕ ಸಾಧ್ಯವಿಲ್ಲ. ಅಲ್ಲಿ ಗಾಳವೂ ಧರ್ಮವೂ ವಾತ್ಸಲ್ಯವೂ ಒಂದೇ ಹುರಿಯಲ್ಲಿ ಹೊಸೆದ ಎಳೆಗಳು. ಹೆಮಿಂಗ್‌ವೇಯ ಮನೆತನದಲ್ಲಿಯೂ ಒಲವು ಮುಂದಕ್ಕೆ ಹರಿಯಿತು. ಅವನ ಹಿರಿಯ ಮಗ ಜ್ಯಾಕ್ ಎರಡನೆಯ ಮಹಾಯುದ್ಧದಲ್ಲಿ ಶತ್ರುವಶವಾಗಿದ್ದ ಫ್ರಾನ್ಸಿಗೆ ಪ್ಯಾರಷೂಟಿನಿಂದ ಇಳಿದಾಗ ಗಾಳದ ಕೋಲನ್ನೂ ಜೊತೆಗೊಯ್ದಿದ್ದನು. ಮುಂದೆ ೧೯೮೬ರಲ್ಲಿ ತಂದೆಯೊಡನೆಯೂ ತಂದೆಯಿಲ್ಲದೆಯೂ ಕಳೆದ ತನ್ನ ಬಾಳನ್ನು ಗಾಳಗಾರನ ಆತ್ಮಕಥೆಯಾಗಿ ಬರೆದನು. ಇಲ್ಲಿಯೂ ಒಲವು ಉಳಿದುಬಂದಿತು. ಅದನ್ನು ಕೊಟ್ಟವರ ಬಾಳಿನ ನೆಮ್ಮದಿಗೆ ಮಾತ್ರ ಅದು ಹೊಣೆಯಾಗಲಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಬಲವುಳ್ಳದ್ದು. ಈ ಪರಂಪರೆಯಲ್ಲಿ ಹೆಂಗಸರಿಗೆ ಎಡೆಯೆಲ್ಲಿ? 'ಚೆಮ್ಮೀನ್' ಕಾದಂಬರಿಯಲ್ಲಿ ಕಡಲನ್ನು ಕುರಿತ ನಂಬಿಕೆಯನ್ನು ಕರುತ್ತಮ್ಮನಿಗೆ ಹೇಳಿಕೊಡುವವಳು ತಾಯಿಯಾದ ಚಕ್ಕಿ. ಕಡಲಿಗೆ ಹೋದ ಗಂಡನ ಪ್ರಾಣ ದಡದಲ್ಲಿರುವ ಹೆಂಡತಿಯ ಶೀಲದಲ್ಲಿದೆಯೆಂಬ ಕಠಿಣವಾದ ಧರ್ಮ ಅದು. ಅಲ್ಲಿ ಹೆಣ್ಣಿನ ಮೇಲೆ ಅತಿಯಾದ ಹೊರೆ. ಮಕ್ಲೇನನಲ್ಲಿ ಹೆಣ್ಣಿಗೆ ಹೊರೆಯೂ ಇಲ್ಲ, ಪಾಲೂ ಇಲ್ಲ. ಪಾಲನ ಮರಣವಾರ್ತೆಯನ್ನು ಕೇಳಿದ ತಾಯಿ ಮಾತಿಲ್ಲದೆ ತನ್ನ ಕೋಣೆಗೆ ಹೋಗುತ್ತಾಳೆ. ಮಗನ ಅಂತ್ಯವನ್ನು ಕುರಿತು ಮುಂದೆಂದೂ ಅವಳು ಏನನ್ನೂ ಕೇಳುವುದಿಲ್ಲ. ಗಂಡಸರಿಗೆ ಗಾಳದ ಭಾಷೆಯಾದರೂ ಇತ್ತು. ಅವಳಿಗೆ ಅದೂ ಇಲ್ಲ. ಈ ಕೊರತೆಯನ್ನು ಕಥೆಗಾರನು ಕಾಣದವನಲ್ಲ, ಆದರೆ ಅದನ್ನು ದೂರದಿಂದ ತೋರಿಸಿ ಮುಂದೆ ಸರಿಯುತ್ತಾನೆ ಎಂದು ಹೇಳದೆ ವಿಧಿಯಿಲ್ಲ.

ಆದರೂ ಕಥೆಯಲ್ಲಿ ಒಂದು ಸಣ್ಣ ವಿವರವಿದೆ. ಮಕ್ಕಳಿಗೆ ಗಾಳದ ತಾಳವನ್ನು ಕಲಿಸಿದ ಆ ತಾಳಯಂತ್ರ ತಂದೆಯದಲ್ಲ. ತಾಯಿಯ ಪಿಯಾನೊ ಮೇಲಿಂದ ಎತ್ತಿ ತಂದದ್ದು. ಅದು ನೀರಿಗೆ ಬಿದ್ದೀತೆಂಬ ಅಳುಕಿನಿಂದ ಅವಳು ಆಗಾಗ ಜಗಲಿಯಿಂದ ಇಣಿಕಿ ನೋಡುತ್ತಾಳೆ. ಕಥೆಗಾರನು ಇದನ್ನು ನಗೆಯ ಮಾತಾಗಿ ಹೇಳಿ ಬಿಟ್ಟಿದ್ದಾನೆ. ಆದರೆ ಕೃತಿಯ ಧ್ವನಿ ಕೃತಿಕಾರನ ಉದ್ದೇಶಕ್ಕಷ್ಟೇ ಕಟ್ಟುಬಿದ್ದುದಲ್ಲ. ತಂದೆಯಿಂದ ಮಕ್ಕಳಿಗೆ ಬಂದಿತೆನ್ನುವ ಆ ಲಯದ ಮೂಲ ತಾಯಿಯ ಸಂಗೀತದಲ್ಲಿತ್ತು. ಅದನ್ನು ಎತ್ತಿಕೊಂಡು ಹೋದವರು ಹಿಂತಿರುಗಿ ನೋಡಲಿಲ್ಲ. ಗಂಡುತಲೆಗಳ ವಂಶಾವಳಿಯಲ್ಲಿ ಹೆಸರಿಲ್ಲದವಳು ಅದರ ತಾಳದಲ್ಲಿ ಇದ್ದಾಳೆ. ಈ ಕಥೆಯನ್ನು ಪಾಠ ಹೇಳುವವರು ಈ ಒಂದು ವಿವರದ ಮುಂದೆ ಕೊಂಚ ಹೊತ್ತು ನಿಲ್ಲಬೇಕೆಂದು ನಮ್ಮ ಸೂಚನೆ.

ಮೂರನೆಯದು ಸತ್ಯಾಸತ್ಯಗಳ ಪ್ರಶ್ನೆ. ನಿಜವಾಗಿ ಪಾಲ್ ಮಕ್ಲೇನನ ಕೊಲೆ ನಡೆದದ್ದು ೧೯೩೮ರಲ್ಲಿ, ಷಿಕಾಗೊ ನಗರದಲ್ಲಿ. ಕಥೆಯು ಆ ಸಾವನ್ನು ಮಾಂಟಾನಾಕ್ಕೆ, ಹೊಳೆಗಳ ನಾಡಿಗೆ ತಂದಿದೆ. ಆತ್ಮಚರಿತ್ರೆಯೆಂದು ಓದುವವರಿಗೆ ಇದು ಅಪಚಾರವಾಗಿ ಕಾಣಬಹುದು. ಕೃತಿಯೊಳಗೇ ಇದಕ್ಕೆ ಸಮಾಧಾನವಿದೆ. ನಡೆದುದನ್ನು ಎಷ್ಟು ಸಲ ಕೇಳಿದರೂ ತೃಪ್ತನಾಗದ ತಂದೆಯು ಕಡೆಗೊಮ್ಮೆ, ನಿಜವಾದ ಕಥೆಗಳನ್ನು ಹೇಳಿ ಮುಗಿಸಿದ ಮೇಲೆ ಒಂದು ಕಥೆಯನ್ನೂ ಅದರ ಜನರನ್ನೂ ಕಲ್ಪಿಸಿ ಬರೆ, ಆಗಲೇ ಆದದ್ದು ಏಕೆ ಆಯಿತೆಂದು ತಿಳಿದೀತು ಎಂಬ ಅರ್ಥದಲ್ಲಿ ಮಗನಿಗೆ ಸೂಚಿಸುತ್ತಾನೆ. ನಾವು ಓದುತ್ತಿರುವ ಕಥೆಯೇ ಆ ಕೊನೆಯ ಪಾಠಕ್ಕೆ ಮಗನು ಬರೆದೊಪ್ಪಿಸಿದ ಉತ್ತರ. ಬಾಲ್ಯದಲ್ಲಿ ಮನೆಯಲ್ಲಿಯೇ ತಂದೆಯಿಂದ ಓದು ಬರಹ ಕಲಿತವನು ಎಪ್ಪತ್ತನ್ನು ದಾಟಿದ ಮೇಲೆ ಆ ಋಣವನ್ನು ತೀರಿಸಿದನು. ಕ್ರೌಂಚದ ಶೋಕವು ಆದಿಕವಿಯಲ್ಲಿ ಶ್ಲೋಕವಾಯಿತೆಂಬ ನಮ್ಮ ಆಲಂಕಾರಿಕರ ಮಾತನ್ನು ಇಲ್ಲಿಗೆ ಅನ್ವಯಿಸಬಹುದಾದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಶೋಕವು ಕೂಡಲೆ ಛಂದಸ್ಸನ್ನು ಪಡೆಯಿತು. ಇಲ್ಲಿ ಛಂದಸ್ಸು ಮೊದಲೇ ಇತ್ತು, ಶೋಕವು ಅದನ್ನು ಸೇರಲು ಸುಮಾರು ನಾಲ್ಕು ದಶಕಗಳು ಹಿಡಿದವು. ಕಥೆಯ ಕೊನೆಯಲ್ಲಿ ತನ್ನವರೆಲ್ಲರನ್ನೂ ಕಳೆದುಕೊಂಡ ಮುದುಕನು ಸಂಜೆಯ ಮಬ್ಬಿನಲ್ಲಿ ಒಂಟಿಯಾಗಿ ಹೊಳೆಯಲ್ಲಿ ನಿಂತಾಗ ಅವನೊಡನೆ ಉಳಿದಿರುವುದು ಮೊದಲ ಪುಟಗಳ ಅದೇ ನಾಲ್ಕೆಣಿಕೆಯ ತಾಳ. ಕರುಣವು ಅಲ್ಲಿ ಶಾಂತದಲ್ಲಿ ಪರ್ಯವಸಾನ ಹೊಂದುತ್ತದೆ.

ಕಥೆ ಮುಗಿದರೂ ವಂಶ ಮುಗಿಯಲಿಲ್ಲ. ಮಕ್ಲೇನನ ಮಗ ಜಾನ್ ಎನ್. ಮಕ್ಲೇನ್ ಪತ್ರಕರ್ತನಾಗಿದ್ದು, ೨೦೨೧ರಲ್ಲಿ 'ಹೋಮ್ ವಾಟರ್ಸ್' ಎಂಬ ಗ್ರಂಥದಲ್ಲಿ ಮನೆತನದ ಮತ್ತು ಆ ಬ್ಲ್ಯಾಕ್‌ಫುಟ್ ನದಿಯ ಕಥೆಯನ್ನು ಮುಂದುವರಿಸಿದನು. ಗಾಳವಷ್ಟೇ ಅಲ್ಲದೆ ಬರವಣಿಗೆಯ ವಸ್ತುವೂ ಇಲ್ಲಿ ಇಳಿದು ಬಂದಿದೆ: ೧೯೪೯ರ ಮ್ಯಾನ್ ಗಲ್ಚ್ ಕಾಡುಕಿಚ್ಚನ್ನು ಕುರಿತ ತಂದೆಯ ಗ್ರಂಥ ಅವನ ಮರಣಾನಂತರ ೧೯೯೨ರಲ್ಲಿ ಬಂದಿತು; ಮಗನು ೧೯೯೪ರ ಕೊಲರಾಡೊ ಕಾಡುಕಿಚ್ಚನ್ನು ಕುರಿತು ೧೯೯೯ರಲ್ಲಿ ಬರೆದನು.

ಆದರೆ ಒಲವು ಇಳಿದುಬರಲು ತಂದೆ ಮಕ್ಕಳಿದ್ದರೆ ಸಾಲದು, ಹೊಳೆಯೂ ಇರಬೇಕು. ಮಕ್ಲೇನನ ಕಥೆ ಹೊರಬರುವ ಹಿಂದಿನ ವರ್ಷ, ಎಂದರೆ ೧೯೭೫ರಲ್ಲಿ, ಬ್ಲ್ಯಾಕ್‌ಫುಟ್ ನದಿಯ ಮೇಲ್ಗಡೆಯಲ್ಲಿ ಮೈಕ್ ಹಾರ್ಸ್ ಗಣಿಯ ತ್ಯಾಜ್ಯವನ್ನು ತಡೆದಿದ್ದ ಕಟ್ಟೆಯೊಡೆದು ವಿಷದ ಕೆಸರು ನೀರಿಗೆ ಸೇರಿತು. ಚಲನಚಿತ್ರದ ಬಹುಭಾಗವನ್ನು ಬೇರೆ ಹೊಳೆಯಲ್ಲಿ ತೆಗೆಯಬೇಕಾಯಿತು. ಆ ನದಿಯಲ್ಲಿರುವ ಬುಲ್ ಟ್ರೌಟ್ ಜಾತಿ ೧೯೯೮ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು. ನಮ್ಮ ಕಾವೇರಿಯ ಕಥೆಯೂ ಬೇರೆಯಲ್ಲ: ಗಾಳಗಾರರ ನಡುವೆ ಹಿಂದೆ ಲೋಕಪ್ರಸಿದ್ಧವಾಗಿದ್ದ ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ಅಂಚಿನ ಜಾತಿಯೆಂದು ಗುರುತಿಸಲ್ಪಟ್ಟಿತು. ತಿತಾಸ್ ನದಿ ಹೂಳಿನಿಂದ ಬತ್ತಿದಾಗ ಮಾಲೊ ಬೆಸ್ತರ ಬಾಳೂ ಹಾಡೂ ಒಟ್ಟಿಗೇ ಬತ್ತಿದುವೆಂಬುದನ್ನು ಮಲ್ಲಬರ್ಮನ್ನರು ಚಿತ್ರಿಸಿದ್ದಾರೆ. ಕಸುಬಿನ ಪರಂಪರೆಯನ್ನೂ ಒಲವಿನ ಪರಂಪರೆಯನ್ನೂ ನಾವು ಆರಂಭದಲ್ಲಿ ಬೇರ್ಪಡಿಸಿದೆವು. ನೀರಿನ ಮುಂದೆ ಆ ಎರಡೂ ಒಂದೇ.

ಒಟ್ಟಿನಲ್ಲಿ, ಮಕ್ಲೇನನ ಕೃತಿ ಗಾಳದ ಪ್ರಶಂಸೆಯೂ ಅಲ್ಲ, ಪಿತೃಸ್ತುತಿಯೂ ಅಲ್ಲ. ಹಿರಿಯರು ಕಿರಿಯರಿಗೆ ಕೊಡಬಲ್ಲುದು ಒಂದು ತಾಳ, ಅದನ್ನು ಆಡಿಸಲು ಒಂದು ಹೊಳೆ. ಆ ತಾಳದಲ್ಲಿ ಕಿರಿಯನು ಬಾಳುವನೆ, ಬೀಳುವನೆ ಎಂಬುದು ಕೊಟ್ಟವರ ಕೈಯಲ್ಲಿಲ್ಲ. ಪೂರ್ಣವಾಗಿ ಅರಿಯಲಾರದವರನ್ನೂ ಪೂರ್ಣವಾಗಿ ಪ್ರೀತಿಸುವುದು ಮಾತ್ರ ಅವರ ಕೈಯಲ್ಲಿದೆ. ಅಷ್ಟನ್ನು ಕಥೆಯಲ್ಲಿ ತೋರಿಸಿಕೊಟ್ಟುದರಿಂದಲೇ ಗಾಳವನ್ನು ಎಂದೂ ಕೈಯಲ್ಲಿ ಹಿಡಿಯದವರಿಗೂ ಈ ಕೃತಿ ತಮ್ಮ ಮನೆಯ ಮಾತಾಗುತ್ತದೆ.